ಬ್ಯಾಂಟಮ್: ಜರ್ಮನ್ ನಕ್ಷೆಯಿಂದ ಹುಟ್ಟಿದ ಬ್ರಿಟಿಷ್ ಬೈಕ್

ತಿಳಿ ಹಸಿರು ಬಣ್ಣ, ಟ್ಯಾಂಕಿನ ಮೇಲೊಂದು ಹುಂಜದ ಚಿತ್ರ. ಚೆನ್ನಾಗಿ ರಿಸ್ಟೋರ್ ಮಾಡಿದ ಬಿಎಸ್‌ಎ ಬ್ಯಾಂಟಮ್ ಡಿ1 ನೋಡಿದರೆ ಅಪ್ಪಟ ಇಂಗ್ಲೆಂಡಿನ ಬೈಕ್ ಅನ್ನಿಸುತ್ತೆ, ಅಲ್ವಾ? ಆದರೆ ಅದರ ಮೂಲ ಜರ್ಮನಿಯಲ್ಲಿದೆ.

ಅಲ್ಲಿನ ಡಿಕೆಡಬ್ಲ್ಯು ಕಂಪನಿಯ ಹರ್ಮನ್ ವೆಬರ್ 1939ರ ಹೊತ್ತಿಗೆ ಆರ್‌ಟಿ 125 ಎಂಬ ಟೂ-ಸ್ಟ್ರೋಕ್ ಬೈಕ್ ರೂಪಿಸಿದ್ದರು. ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅದರ ನಕ್ಷೆಗಳು ಗೆದ್ದವರ ಪಾಲಾದವು. ಅಮೆರಿಕದಲ್ಲಿ ಹಾರ್ಲೆ-ಡೇವಿಡ್ಸನ್, ಬ್ರಿಟನ್ನಿನಲ್ಲಿ ಬಿಎಸ್‌ಎ ಅದನ್ನು ಬಳಸಿಕೊಂಡವು. ರಷ್ಯಾದಲ್ಲೂ ಅದೇ ಬೈಕ್ ತಯಾರಾಯಿತು.

ಬಿಎಸ್‌ಎ ಅಂದರೆ 1861ರಲ್ಲಿ ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕರು ಸೇರಿ ಕಟ್ಟಿದ ಕಂಪನಿ. ಆಮೇಲೆ ಸೈಕಲ್ಲು, 1910ರಿಂದ ಮೋಟಾರ್ ಸೈಕಲ್ಲು. ಬ್ರಿಟಿಷ್ ಬೈಕ್‌ಗಳಲ್ಲಿ ಆಗ ಗೇರ್ ಬಲಗಾಲಿಗೆ. ಹಾಗಾಗಿ ಬಿಎಸ್‌ಎ ಎಂಜಿನಿಯರ್‌ಗಳು ಜರ್ಮನ್ ಎಂಜಿನನ್ನು ಎಡಬಲ ಅದಲುಬದಲು ಮಾಡಿದರು, ಅಳತೆಗಳನ್ನು ಇಂಚಿಗೆ ಬದಲಿಸಿದರು. 1948ರಲ್ಲಿ 123 ಸಿಸಿಯ, ಮೂರು ಗೇರಿನ ಬ್ಯಾಂಟಮ್ ಬಂತು. ಕಾರು ಕೊಳ್ಳಲಾಗದವರು ಅದರಲ್ಲಿ ಕೆಲಸಕ್ಕೆ ಹೋದರು. ಅಂಚೆ ಇಲಾಖೆಯ ಹುಡುಗರು ಕೆಂಪು ಬ್ಯಾಂಟಮ್ ಮೇಲೆ ಟೆಲಿಗ್ರಾಂ ಹಂಚಿದರು.

ಇವತ್ತು ಇದನ್ನು ರಿಸ್ಟೋರ್ ಮಾಡುವವರು ಮೊದಲು ನೋಡಬೇಕಾದ್ದು ಕ್ರ್ಯಾಂಕ್‌ನ ಆಯಿಲ್ ಸೀಲ್, ಅಂದರೆ ಎಂಜಿನ್ನಿನೊಳಗೆ ತಿರುಗುವ ದಂಡದ ಸುತ್ತ ಸೋರದಂತೆ ಕೂರಿಸಿದ ರಬ್ಬರ್ ಬಳೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಆ ದಂಡವಿರುವ ಕ್ರ್ಯಾಂಕ್‌ಕೇಸಿಗೇ ಹೋಗಿ, ಅಲ್ಲಿ ಒತ್ತಡ ಸಿಕ್ಕಿ ಮೇಲೇರುತ್ತದೆ. ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ನಿಂತಲ್ಲಿ ಎಂಜಿನ್ ಒಂದೇ ಸಮನೆ ಓಡುವುದೇ (ಐಡ್ಲಿಂಗ್) ಇಲ್ಲ. ಸುಮ್ನೆ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ಹಾಕಿದರೆ ಪ್ರಯೋಜನವಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಮುಂದಿನ ಕಥೆ. ಜಪಾನಿನ ಯಮಹಾ ಕೂಡ 1955ರಲ್ಲಿ ತನ್ನ ಮೊದಲ ಬೈಕ್ ವೈಎ-1 ಮಾಡಿದ್ದು ಇದೇ ಆರ್‌ಟಿ 125 ನೋಡಿಕೊಂಡು. ಆದರೆ ಯಮಹಾ ಅಲ್ಲಿಗೇ ನಿಲ್ಲಲಿಲ್ಲ. 1960ರ ದಶಕದಲ್ಲೇ ಅದರ ಬೈಕ್‌ಗಳಲ್ಲಿ ಎಂಜಿನ್ನಿಗೆ ಆಯಿಲ್ ತಾನಾಗಿಯೇ ಹೋಗುತ್ತಿತ್ತು. ನಮ್ಮವರು ಇವತ್ತಿಗೂ ಪ್ರಾಣ ಬಿಡುವ ಆರ್‌ಎಕ್ಸ್ 100 ಅದೇ ಮನೆತನದ್ದು. ಬ್ಯಾಂಟಮ್ 175 ಸಿಸಿಗೆ ಬೆಳೆಯಿತು, ನಾಲ್ಕನೇ ಗೇರೂ ಬಂತು. ಆದರೆ 1971ರಲ್ಲಿ ನಿಲ್ಲುವವರೆಗೂ ಸವಾರ ಪೆಟ್ರೋಲಿಗೆ ಕೈಯಾರೆ ಆಯಿಲ್ ಬೆರೆಸಬೇಕಿತ್ತು. ಸಣ್ಣ ಬೈಕನ್ನು ಕಂಪನಿ ಸಸಾರ ಮಾಡಿತು ಅಂತಲೇ ನನಗೆ ಅನ್ನಿಸುತ್ತದೆ. 1973ರಲ್ಲಿ ಕಂಪನಿಯೇ ಮುಳುಗಿ, ಉಳಿದ ಬೈಕ್ ವ್ಯವಹಾರ ನಾರ್ಟನ್ ವಿಲಿಯರ್ಸ್ ಟ್ರಯಂಫ್ ಎಂಬ ಕಂಪನಿಯೊಳಗೆ ಸೇರಿಹೋಯಿತು.

2016ರಲ್ಲಿ ಬಿಎಸ್‌ಎ ಹೆಸರನ್ನು ಕೊಂಡದ್ದು ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಹೆಸರುಗಳಿಗೆ ಮರುಜೀವ ಕೊಟ್ಟದ್ದೂ ಇದೇ ಕಂಪನಿ. 2025ರಲ್ಲಿ ಅದು ಬ್ಯಾಂಟಮ್ 350 ಎಂಬ ಹೊಸ ಬೈಕನ್ನು ತಂದಿತು. ಎಂಜಿನ್ ಮಾತ್ರ ಫೋರ್-ಸ್ಟ್ರೋಕ್.