ಹರಡಿತು ಎಂದ ಕೂಡಲೇ ಚಿಕಿತ್ಸೆ ಬಿಟ್ಟು ಹೋಗಬೇಡಿ

ಸ್ತನ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿರುವಾಗಲೇ ಕಾಯಿಲೆ ಮೂಳೆಗೋ ಲಿವರ್‌ಗೋ ಹರಡಿದೆ ಎಂದು ಸ್ಕ್ಯಾನ್ ನೋಡಿ ಹೇಳಬೇಕಾಗುತ್ತದೆ. ಹೇಳಿದ ಮೇಲೆ ಕೆಲವು ಕುಟುಂಬದವರು ಮತ್ತೆ ಬರುವುದೇ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ "ಮನೆಯಲ್ಲಿ ಮಾತಾಡಿ ಹೇಳ್ತೇವೆ ಡಾಕ್ಟ್ರೇ" ಎನ್ನುತ್ತಾರೆ. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಆಂಬುಲೆನ್ಸ್‌ನಲ್ಲಿ ಬಂದಿಳಿಯುತ್ತಾರೆ. ಅಷ್ಟರಲ್ಲಿ ಅವರಿಗೆ ಉಸಿರಾಡಲು ಕಷ್ಟವಾಗಿರುತ್ತದೆ, ಇಲ್ಲವೇ ಕಾಲಿನ ಬಲ ಹೋಗಿರುತ್ತದೆ. ಮಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡುವ ವೈದ್ಯೆಯಾಗಿ ನನ್ನನ್ನು ಅತಿ ಹೆಚ್ಚು ಕಾಡುವುದು ಹೀಗೆ ಕಳೆದುಹೋಗುವ ಎರಡು ತಿಂಗಳು.

ಆ ಎರಡು ತಿಂಗಳು ಅವರೇನೂ ಸುಮ್ನೆ ಕೂತಿರುವುದಿಲ್ಲ. ಘಟ್ಟದ ಮೇಲಿಂದ ಯಾವುದೋ ಮದ್ದು ತರಿಸುತ್ತಾರೆ. ಲಕ್ಷ್ಮಣಫಲದ ಎಲೆಯ ಕಷಾಯ ಕುಡಿಸುತ್ತಾರೆ. ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ಹರಕೆ ಹೇಳಿಕೊಳ್ಳುತ್ತಾರೆ. ಹರಕೆಗೆ ನನ್ನ ಅಡ್ಡಿ ಖಂಡಿತ ಇಲ್ಲ. ಕಟೀಲಿಗೆ ಹೋಗಿ ಬಂದವರ ಮುಖದಲ್ಲಿ ಧೈರ್ಯ ಮೂಡಿದ್ದನ್ನು ನೋಡಿದ್ದೇನೆ. ಬಿಳಿ ರಕ್ತಕಣದ ಲೆಕ್ಕ ಸರಿ ಇದ್ದರೆ, ಜನ ಜಾಸ್ತಿ ಇಲ್ಲದ ದಿನ ನೋಡಿ ಹೋಗಿ ಬನ್ನಿ ಎಂದೇ ಹೇಳುತ್ತೇನೆ. ಕಷಾಯದ ವಿಷಯ ಬೇರೆ. ಕೀಮೋದ ಎಷ್ಟೋ ಮದ್ದುಗಳನ್ನು ಲಿವರ್ ಅರಗಿಸಬೇಕು. ಅದರ ಮೇಲೆ ಏನಿದೆ ಎಂದು ಗೊತ್ತಿಲ್ಲದ ಕಷಾಯ ಬಿದ್ದರೆ ಲಿವರ್ ಕೆಡಬಹುದು. ಆಗ ಕೊಡಬಹುದಾಗಿದ್ದ ಮದ್ದನ್ನೂ ಕೊಡಲು ಆಗುವುದಿಲ್ಲ. ಏನಾದರೂ ಕುಡಿಯುತ್ತಿದ್ದರೆ ದಯವಿಟ್ಟು ಹೇಳಿ. ನಾನು ಬೈಯುವುದಿಲ್ಲ.

ಬಿಟ್ಟು ಹೋಗುವುದಕ್ಕೆ ಎರಡು ಕಾರಣ ಕೇಳಿದ್ದೇನೆ. ಒಂದು, "ಕೀಮೋ ಕೊಟ್ಟದ್ದಕ್ಕೇ ಹರಡಿದ್ದಲ್ವಾ?" ಇನ್ನೊಂದು, "ಕೀಮೋವೇ ಕೆಲಸ ಮಾಡ್ಲಿಲ್ಲ ಅಂದ್ಮೇಲೆ ಇನ್ನೆಂತ ಮಾಡ್ಲಿಕ್ಕುಂಟು?"

ಮೊದಲನೆಯದು. ಗಂಟು ಕೈಗೆ ಸಿಗುವ ಹೊತ್ತಿಗೆ ಅದರ ಕೆಲವು ಕಣಗಳು ರಕ್ತದಲ್ಲಿ ಸೇರಿ ಬೇರೆ ಕಡೆ ಹೋಗಿ ಕೂತಿರಬಹುದು. ಅಷ್ಟು ಸಣ್ಣದು ಯಾವ ಸ್ಕ್ಯಾನ್‌ಗೂ ಕಾಣುವುದಿಲ್ಲ. ಕೀಮೋ ಕೊಡುವುದೇ ಮುಖ್ಯವಾಗಿ ಆ ಕಾಣದ ಕಣಗಳಿಗಾಗಿ. ಆಪರೇಷನ್ ಜೊತೆಗೆ ಕೀಮೋ ಪಡೆದ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ನೋಡಿದ ಟ್ರಯಲ್‌ಗಳಲ್ಲಿ, ಕೀಮೋ ಪಡೆದವರಲ್ಲಿ ಕಾಯಿಲೆ ದೂರಕ್ಕೆ ಹರಡಿದ್ದು ಕಡಿಮೆ, ಜಾಸ್ತಿ ಅಲ್ಲ. ಆದರೂ ಕೆಲವರಲ್ಲಿ ಹರಡುತ್ತದೆ. ಯಾಕೆಂದರೆ ಗಂಟಿನೊಳಗಿನ ಕಣಗಳೆಲ್ಲ ಒಂದೇ ತರದವಲ್ಲ. ಸುಳ್ಯ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಹೆಂಡತಿಯ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ, ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದರು: "ತೋಟಕ್ಕೆ ಹುಲ್ಲಿನ ಮದ್ದು ಬಿಟ್ರೆ ಒಂದು ಜಾತಿ ಹುಲ್ಲು ಕರಟಿ ಹೋಗ್ತದೆ, ಇನ್ನೊಂದಕ್ಕೆ ಎಂತ ಸಹ ಆಗುದಿಲ್ಲ. ಉಳಿದದ್ದು ಮತ್ತೆ ಇಡೀ ಜಾಗ ಹಿಡೀತದೆ. ಹಾಗೆಯಾ ಮೇಡಂ?" ಹೌದು, ಬಹುಮಟ್ಟಿಗೆ ಹಾಗೆಯೇ.

ಮಿದುಳಿನ ಮಾತು ಸ್ವಲ್ಪ ಬೇರೆ. ರಕ್ತದಿಂದ ಮಿದುಳಿಗೆ ಎಲ್ಲ ಮದ್ದೂ ದಾಟುವುದಿಲ್ಲ. ಎದೆಯ ಗಂಟು ಕರಗುತ್ತಾ ಇದ್ದರೂ ಮಿದುಳಲ್ಲಿ ಹೊಸದು ಬೆಳೆಯಬಹುದು. ಕಣಗಳ ಮೇಲೆ ಹರ್-2 ಎಂಬ ಪ್ರೋಟೀನ್ ಜಾಸ್ತಿ ಇರುವ ಹರ್-2 ಪಾಸಿಟಿವ್, ಮತ್ತು ಹಾರ್ಮೋನನ್ನು ಹಿಡಿಯುವ ಎರಡು ರಿಸೆಪ್ಟರ್, ಹರ್-2 ಮೂರೂ ನೆಗೆಟಿವ್ ಬಂದ ಟ್ರಿಪಲ್ ನೆಗೆಟಿವ್ ತರದ ಕಾಯಿಲೆಯಲ್ಲಿ ಈ ಭಯ ಹೆಚ್ಚು.

ಎರಡನೆಯ ಕಾರಣವೇ ಈ ಅಂಕಣದ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲುವುದಿಲ್ಲ. ಕೀಮೋ ಎಂಬುದು ಒಂದು ಮದ್ದಿನ ಹೆಸರಲ್ಲ. ಅಡ್ರಿಯಾಮೈಸಿನ್, ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್, ಕ್ಯಾಪೆಸಿಟಾಬಿನ್, ಎರಿಬುಲಿನ್ ಎಲ್ಲವೂ ಬೇರೆ ಬೇರೆ ಮದ್ದುಗಳು. ಕಣವನ್ನು ಕೊಲ್ಲುವ ದಾರಿಯೂ ಬೇರೆ. ನಿಮಗೆ ಕೊಟ್ಟ ಒಂದೋ ಎರಡೋ ಮದ್ದು ಕೆಲಸ ಮಾಡಲಿಲ್ಲ. ಉಳಿದವನ್ನು ನಾವಿನ್ನೂ ಮುಟ್ಟಿಲ್ಲ. ಅವುಗಳಲ್ಲಿ ಕ್ಯಾಪೆಸಿಟಾಬಿನ್ ಮಾತ್ರೆ. ಮನೆಯಲ್ಲೇ ನುಂಗಬಹುದು, ಸಾಮಾನ್ಯವಾಗಿ ಕೂದಲೂ ಉದುರುವುದಿಲ್ಲ. ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳಬಹುದು, ಭೇದಿ ಆಗಬಹುದು, ಅದಕ್ಕೆ ಡೋಸ್ ಇಳಿಸುತ್ತೇವೆ. ಕೀಮೋ ಅಲ್ಲದ ಮದ್ದುಗಳ ಸಾಲು ಇನ್ನೊಂದಿದೆ.

ಹಾಗೆಂದು ಸುಳ್ಳು ಧೈರ್ಯ ಕೊಡಲಾರೆ. ಕೀಮೋ ನಡೆಯುತ್ತಿರುವಾಗಲೇ ಹರಡುವುದು ಒಳ್ಳೆಯ ಸೂಚನೆ ಅಲ್ಲ. ಬೇರೆ ಅಂಗಕ್ಕೆ ಹರಡಿದ ಸ್ತನ ಕ್ಯಾನ್ಸರನ್ನು ಬಹುತೇಕರಲ್ಲಿ ಪೂರ್ತಿ ಗುಣ ಮಾಡಲು ಆಗುವುದಿಲ್ಲ. ಹಿಡಿತದಲ್ಲಿ ಇಡಬಹುದು. ಎಷ್ಟು ದಿನ ಎಂದರೆ, ಕೆಲವರಲ್ಲಿ ತಿಂಗಳುಗಳು, ಕೆಲವರಲ್ಲಿ ವರ್ಷಗಳು. ಯಾರಲ್ಲಿ ಎಷ್ಟು ಎಂದು ಮೊದಲ ದಿನವೇ ಹೇಳಲು ಆಗುವುದಿಲ್ಲ. ಒಂದೊಂದು ಮದ್ದು ಬದಲಾದ ಹಾಗೆ ಮುಂದಿನದ್ದು ಕೆಲಸ ಮಾಡುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ ಎಂಬುದೂ ನಿಜ.

ಮದ್ದು ಬದಲಿಸುವ ಮೊದಲು ಹರಡಿದ್ದು ಹೌದಾ ಎಂದೇ ಇನ್ನೊಮ್ಮೆ ನೋಡುತ್ತೇವೆ. ಮೂಳೆ ವಾಸಿಯಾಗುತ್ತಿರುವಾಗ ಮೊದಲ ಕೆಲವು ತಿಂಗಳು ಬೋನ್ ಸ್ಕ್ಯಾನ್‌ನಲ್ಲಿ ಕಲೆಗಳು ಜಾಸ್ತಿ ಕಾಣಬಹುದು. ಸಿಎ 15-3 ಎಂಬ ರಕ್ತಪರೀಕ್ಷೆಯ ಅಂಕಿ ಹೊಸ ಮದ್ದು ಶುರುವಾದ ಮೊದಲ ವಾರಗಳಲ್ಲಿ ಏರಿ ಆಮೇಲೆ ಇಳಿಯಬಹುದು. ಆ ಅಂಕಿಯನ್ನು ಮಾತ್ರ ಹಿಡಿದುಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಟಿಬಿಯೂ ಇದೆ. ಶ್ವಾಸಕೋಶದಲ್ಲಿ, ಕಂಕುಳಲ್ಲಿ, ಎದೆಯೊಳಗಿನ ಗ್ರಂಥಿಗಳಲ್ಲಿ ಕಾಣುವುದೆಲ್ಲ ಕ್ಯಾನ್ಸರೇ ಆಗಿರಬೇಕೆಂದಿಲ್ಲ.

ಅದಕ್ಕೇ ಬಯಾಪ್ಸಿ, ಅಂದರೆ ಸೂಜಿಯಿಂದ ಸಣ್ಣ ತುಂಡು ತೆಗೆದು ಪರೀಕ್ಷಿಸುವುದು. ಇಲ್ಲಿ ಜನ ಮತ್ತೆ ಹಿಂದೆ ಸರಿಯುತ್ತಾರೆ. "ಸೂಜಿ ಚುಚ್ಚಿದ್ರೆ ಹರಡ್ತದಂತೆ." ಹರಡಿದೆ ಎಂದು ಗೊತ್ತಾದ ಮೇಲೂ ಇದನ್ನೇ ಹೇಳುತ್ತಾರೆ. ಸೂಜಿಯಿಂದ ಕಾಯಿಲೆ ಮೈಯೆಲ್ಲಾ ಹಬ್ಬುತ್ತದೆ ಎಂಬುದು ಸ್ತನ ಕ್ಯಾನ್ಸರ್ ವಿಷಯದಲ್ಲಿ ಹುರುಳಿಲ್ಲದ ಭಯ. ಆ ಸಣ್ಣ ತುಂಡಿನಿಂದ ಸಿಗುವ ಮಾಹಿತಿಯ ಬೆಲೆ ದೊಡ್ಡದು. ಮೊದಲ ಗಂಟಿನಲ್ಲಿ ಇ.ಆರ್., ಪಿ.ಆರ್. ಎಂಬ ಹಾರ್ಮೋನ್ ರಿಸೆಪ್ಟರ್‌ಗಳು ಮತ್ತು ಹರ್-2 ಪರೀಕ್ಷೆ ಆಗಿರುತ್ತದೆ. ಹರಡಿದ ಜಾಗದ ಕಣಗಳಲ್ಲಿ ಅವು ಬದಲಾಗಿರಬಹುದು. ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ. ಬದಲಾದವರಿಗೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಹಾರ್ಮೋನ್ ಪಾಸಿಟಿವ್ ಬಂತು, ಲಿವರ್ ಅಥವಾ ಶ್ವಾಸಕೋಶ ತುರ್ತು ಅಪಾಯದಲ್ಲಿ ಇಲ್ಲ ಎಂದಾದರೆ ಮಾತ್ರೆಗಳ ದಾರಿ ಹಿಡಿಯಬಹುದು. ಪಾಲ್ಬೊಸಿಕ್ಲಿಬ್ ಎಂಬ ಮಾತ್ರೆಯ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿಯಿತು. ನಮ್ಮ ಕಂಪನಿಗಳೇ ತಯಾರಿಸಲು ಶುರು ಮಾಡಿದವು, ಬೆಲೆ ಬಹಳ ಇಳಿಯಿತು. ಹರ್-2 ಪಾಸಿಟಿವ್ ಆದವರಿಗೆ ಟ್ರಾಸ್ಟುಜುಮ್ಯಾಬ್ ಇದೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮದ್ದು ಒಂದು ಕಾಲದಲ್ಲಿ ಇಲ್ಲಿನವರಿಗೆ ಕನಸಾಗಿತ್ತು. 2013ರ ಕೊನೆಗೆ ಬೆಂಗಳೂರಿನ ಬಯೋಕಾನ್ ತಯಾರಿಸಿದ ಅದೇ ಬಗೆಯ ಮದ್ದಿಗೆ ಒಪ್ಪಿಗೆ ಸಿಕ್ಕಿತು. ಹರ್-2 ನೆಗೆಟಿವ್ ಎಂದು ಬರೆದಿದ್ದ ಹಳೆಯ ರಿಪೋರ್ಟನ್ನೂ ಈಗ ನಾವು ಮತ್ತೆ ತೆಗೆದು ನೋಡುತ್ತೇವೆ. ಅದರಲ್ಲಿ ಹರ್-2 ಅಂಕ 1+ ಇದ್ದರೆ, ಅಥವಾ 2+ ಇದ್ದು ಹರ್-2 ಜೀನನ್ನು ನೋಡುವ ಫಿಶ್ ಪರೀಕ್ಷೆ ನೆಗೆಟಿವ್ ಇದ್ದರೆ, ಅಂಥವರಿಗೂ ಕೆಲಸ ಮಾಡುವ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಎಂಬ ಮದ್ದು 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದು ತುಂಬಾ ದುಬಾರಿ. ಟ್ರಿಪಲ್ ನೆಗೆಟಿವ್ ಆದವರಿಗೆ ಬಿಆರ್‌ಸಿಎ ಎಂಬ, ದೋಷವಿದ್ದರೆ ಮಕ್ಕಳಿಗೂ ದಾಟಬಹುದಾದ ಜೀನಿನ ಪರೀಕ್ಷೆ ಮಾಡಿಸುತ್ತೇವೆ. ಅದರಲ್ಲಿ ದೋಷ ಕಂಡರೆ ಒಲಾಪರಿಬ್‌ನಂಥ ಮಾತ್ರೆ ಉಪಯೋಗಕ್ಕೆ ಬರಬಹುದು. ಹೆಣ್ಣುಮಕ್ಕಳು, ಅಕ್ಕತಂಗಿಯರು ಇದ್ದರೆ ಅವರಿಗೂ ಆ ಮಾಹಿತಿ ಬೇಕಾದದ್ದೇ.

ಇದೆಲ್ಲ ನಿಮಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆಗುತ್ತದೋ ಇಲ್ಲವೋ ಎಂದು ತಿಳಿಯಲಿಕ್ಕೇ ಆ ಎರಡು ತಿಂಗಳು ಬೇಕಿತ್ತು ಎನ್ನುತ್ತಿದ್ದೇನೆ.

ಇನ್ನು ನೋವು ಮುಚ್ಚಿಡುವುದು. ಬಂಟ್ವಾಳ ಕಡೆಯ ಒಬ್ಬ ಅಮ್ಮ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದವರು. ಸೊಂಟದ ಮೇಲೆ ನೋವು ಇತ್ತು. ಕಾಲು ನೀಡಿ ಕೂತು ಬೀಡಿ ಕಟ್ಟಿದ್ದಕ್ಕೇ ಇರಬೇಕು ಎಂದು ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದರು. ಕೀಮೋಗೆ ಬಂದಾಗಲೆಲ್ಲ "ಎಂತ ಸಹ ಇಲ್ಲ ಡಾಕ್ಟ್ರೇ, ಆರಾಮಿದ್ದೇನೆ" ಎಂದೇ ಹೇಳುತ್ತಿದ್ದರು. ನನಗೆ ಬೇಸರ ಆಗಬಾರದು ಎಂದು ಹಾಗೆ ಹೇಳುತ್ತಿದ್ದರಂತೆ. ಇದು ಎಷ್ಟು ಪ್ರೀತಿಯ ಮಾತೋ ಅಷ್ಟೇ ಅಪಾಯದ ಮಾತು. ಕಾಲು ಜೋಮು ಹಿಡಿದು, ಮೂತ್ರ ನಿಂತ ಮೇಲೆ ಮಗ ಎತ್ತಿಕೊಂಡು ಬಂದ. ಬೆನ್ನುಮೂಳೆ ಕುಸಿದು ಬೆನ್ನುಹುರಿಯನ್ನು ಒತ್ತಿತ್ತು. ಸ್ಟಿರಾಯ್ಡ್ ಕೊಟ್ಟು ಅದೇ ದಿನ ರೇಡಿಯೇಷನ್ ಶುರು ಮಾಡಿದೆವು. ನೋವು ಹೋಯಿತು. ನಡಿಗೆ ಪೂರ್ತಿ ಮರಳಲಿಲ್ಲ. ಬರುವಾಗ ನಡೆಯಲು ಆಗುತ್ತಿದ್ದವರು ಸಾಮಾನ್ಯವಾಗಿ ಆಮೇಲೆಯೂ ನಡೆಯುತ್ತಾರೆ. ಕಾಲಿನ ಬಲ ಹೋದ ಮೇಲೆ ಬಂದವರಲ್ಲಿ ಅದು ಮರಳುವುದು ಕಷ್ಟ.

ಆದ್ದರಿಂದ ಕೆಲವು ವಿಷಯಕ್ಕೆ ಮುಂದಿನ ತಾರೀಖು ಕಾಯಬೇಡಿ. ಹೊಸದಾಗಿ ಬಂದ, ರಾತ್ರಿ ಮಲಗಿದರೆ ಜಾಸ್ತಿಯಾಗುವ ಬೆನ್ನುನೋವು. ಕಾಲಿನ ಬಲ ಕಡಿಮೆಯಾಗುವುದು. ಬೆಳಿಗ್ಗೆ ಎದ್ದಾಗ ತಲೆನೋವು, ವಾಂತಿ, ಎರಡೆರಡು ಕಾಣುವುದು. ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಏದುಸಿರು. ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಕವಿದಂತೆ ಆಗುವುದು. ಇದು ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರಿಂದ ಇರಬಹುದು. ಮತ್ತೆ, ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಬೈಂದೂರಿನಲ್ಲಿರಲಿ, ಬೆಳ್ತಂಗಡಿಯಲ್ಲಿರಲಿ, ಹತ್ತಿರದ ಆಸ್ಪತ್ರೆಗೆ ಆಗಲೇ ಹೋಗಿ. ಕೀಮೋ ನಡೆಯುತ್ತಿದೆ ಎಂದು ಮೊದಲ ಮಾತಿನಲ್ಲೇ ಹೇಳಿ.

ಮೂಳೆಗೆ ಹರಡಿದವರಿಗೆ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಕೊಡುತ್ತೇವೆ, ಮುರಿತ ತಪ್ಪಿಸಲು. ಅದಕ್ಕೆ ಮೊದಲು ಹಲ್ಲು ತೋರಿಸಿಕೊಂಡು ಬನ್ನಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆಗೆ ತೊಂದರೆ ಆಗಬಹುದು. ಒಂದೇ ಕಡೆ ನೋವಿದ್ದರೆ ಒಂದೇ ದಿನದ ರೇಡಿಯೇಷನ್ ಸಾಕಾಗುವುದೂ ಉಂಟು. ನೋವಿಗೆ ಮಾರ್ಫಿನ್ ಎಂದರೆ ಜನ ಬೆಚ್ಚುತ್ತಾರೆ. ಅದು ಕೊನೆಯ ದಿನದ ಮದ್ದಲ್ಲ. ನೋವಿಗೆ ತಕ್ಕಷ್ಟು ಕೊಟ್ಟರೆ ಚಟ ಹಿಡಿಯುವ ಭಯ ಬಹಳ ಕಡಿಮೆ. ಮಲಬದ್ಧತೆಗೆ ಜೊತೆಗೇ ಮದ್ದು ಕೊಡುತ್ತೇವೆ. ನೋವು ಕಡಿಮೆಯಾದರೆ ನಿದ್ದೆ ಬರುತ್ತದೆ, ಗಂಜಿ ಉಪ್ಪಿನಕಾಯಿ ಆದರೂ ಸೇರುತ್ತದೆ, ಮುಂದಿನ ಮದ್ದನ್ನು ತಾಳುವ ಶಕ್ತಿ ಬರುತ್ತದೆ. ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್ ಎಂದು ಚೀಟಿ ಬರೆದರೆ ಕೈಬಿಟ್ಟರು ಎಂದುಕೊಳ್ಳಬೇಡಿ. ಕಾಸರಗೋಡಿನಿಂದ ಬರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೇರಳದ ಊರೂರಲ್ಲಿ ಮನೆಗೇ ಬರುವ ತಂಡಗಳಿವೆ. ಅದು ಕೀಮೋ ಜೊತೆಗೇ ನಡೆಯಬೇಕಾದ ಆರೈಕೆ.

ರೋಗಿಗೆ ಹೇಳಬಾರದು ಎಂದು ಹಟ ಹಿಡಿಯುವವರ ಮಾತು ಹೇಳದಿದ್ದರೆ ಆಗುವುದಿಲ್ಲ. "ಅವಳಿಗೆ ಗೊತ್ತಾದ್ರೆ ತಡ್ಕೊಳ್ಳಲಿಕ್ಕಿಲ್ಲ, ನಮ್ಮ ಹತ್ರ ಹೇಳಿ ಸಾಕು" ಎಂದು ಗಂಡ ಹೊರಗೆ ಕರೆದು ಹೇಳುತ್ತಾರೆ. ದುಬೈಯಿಂದ ಮಗ ಫೋನ್‌ನಲ್ಲಿ ಅದನ್ನೇ ಹೇಳುತ್ತಾನೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಒಳಗೆ ಕೂತ ಆ ತಾಯಿಗೆ ತನ್ನ ಮೈ ಏನು ಹೇಳುತ್ತಿದೆ ಎಂದು ಗೊತ್ತಿರುತ್ತದೆ. ಮನೆಯವರು ಅಡುಗೆ ಕೋಣೆಯಲ್ಲಿ ಪಿಸುಗುಟ್ಟುವುದೂ ಕೇಳಿರುತ್ತದೆ. "ನಿಮಗೆ ರಿಪೋರ್ಟ್ ವಿಷಯ ಎಷ್ಟು ತಿಳಿಯಬೇಕು ಅನಿಸುತ್ತದೆ?" ಎಂದು ನಾನು ಅವರನ್ನೇ ಕೇಳುತ್ತೇನೆ. ಕೆಲವರು "ನನ್ನ ಮಗಳಿಗೆ ಹೇಳಿ, ನನಗೆ ಬೇಡ" ಎನ್ನುತ್ತಾರೆ. ಅದೂ ಸರಿ. ಹೆಚ್ಚಿನವರಿಗೆ ತಿಳಿಯಬೇಕು. ತಿಳಿಯದವರು ಹೊಸ ನೋವನ್ನು ಹೇಳುವುದಾದರೂ ಯಾಕೆ? ಕೀಮೋ ಮುಗಿದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡು ತಡೆದುಕೊಳ್ಳುತ್ತಾರೆ.

ದುಡ್ಡಿನ ಮಾತು. ಜಾಗ ಮಾರುವ ಮೊದಲು, ಚಿನ್ನ ಅಡವಿಡುವ ಮೊದಲು, ಈ ಮದ್ದಿನಿಂದ ಎಷ್ಟು ಲಾಭ ನಿರೀಕ್ಷಿಸಬಹುದು ಎಂದು ನಮ್ಮನ್ನು ಕೇಳಿ. ಸಂಕೋಚ ಬೇಡ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೊಸ ಮದ್ದುಗಳೆಲ್ಲ ಅದರಲ್ಲಿ ಬರುವುದಿಲ್ಲ. ಯಾವುದು ಬರುತ್ತದೆ ಎಂದು ಆಸ್ಪತ್ರೆಯ ಕೌಂಟರ್‌ನಲ್ಲಿ ಕೂತ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ದುಬಾರಿ ಮದ್ದು ಬೇಡ ಎಂದು ನಿರ್ಧರಿಸಿದರೆ ಅದು ಚಿಕಿತ್ಸೆ ನಿಲ್ಲಿಸಿದ ಹಾಗೆ ಅಲ್ಲ. ಕಡಿಮೆ ಬೆಲೆಯ ಒಳ್ಳೆಯ ಮದ್ದುಗಳೂ ಇವೆ. ಕೀಮೋವೇ ಬೇಡ, ನೋವು ನೋಡಿಕೊಂಡರೆ ಸಾಕು ಎಂದು ರೋಗಿ ಯೋಚಿಸಿ ಹೇಳಿದರೆ ಅದನ್ನೂ ನಾನು ಒಪ್ಪುತ್ತೇನೆ. ಆಗಲೂ ತಾರೀಖಿಗೆ ಬನ್ನಿ.

ಬೇರೆ ಕಡೆ ತೋರಿಸಬೇಕು ಅನಿಸಿದರೆ ಮಣಿಪಾಲಕ್ಕೋ, ಬೆಂಗಳೂರಿನ ಕಿದ್ವಾಯಿಗೋ, ಮುಂಬೈಯ ಟಾಟಾ ಆಸ್ಪತ್ರೆಗೋ ಹೋಗಿ. ನಮಗೆ ಬೇಸರವಿಲ್ಲ. ಹೋಗುವ ಮೊದಲು ಹೇಳಿ, ಬಯಾಪ್ಸಿಯ ತುಂಡನ್ನು ಕಾಪಾಡಿ ಇಟ್ಟ ಬ್ಲಾಕ್, ಸ್ಲೈಡ್, ಸ್ಕ್ಯಾನಿನ ಸಿಡಿ ಎಲ್ಲ ಕೊಡುತ್ತೇವೆ. ಯಾವ ಮದ್ದು, ಎಷ್ಟು ಡೋಸ್, ಎಷ್ಟು ಸಲ ಎಂದು ಬರೆದ ಡಿಸ್ಚಾರ್ಜ್ ಸಮ್ಮರಿ ಮರೆಯಬೇಡಿ. ಅಡ್ರಿಯಾಮೈಸಿನ್ ಹೃದಯಕ್ಕೆ ತೊಂದರೆ ಮಾಡಬಹುದಾದ ಮದ್ದು. ಜೀವಮಾನದಲ್ಲಿ ಒಟ್ಟು ಇಷ್ಟೇ ಎಂಬ ಮಿತಿ ಅದಕ್ಕಿದೆ. ಆ ಲೆಕ್ಕ ಆ ಹಾಳೆಯಲ್ಲಿದೆ.