ನಾವೇ ಬೇರೆ ದೇಶ ಅಂದುಬಿಟ್ಟರೆ ಸಾಕಾ?

ಓದುಗರ ಪ್ರಶ್ನೆ: ಒಂದು ಪ್ರದೇಶ ತಾನೇ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡರೆ ಅದು ದೇಶವಾಗುತ್ತಾ? ಮಾನ್ಯತೆ ಕೊಡೋರು ಯಾರು?

ಹೀಗೆ ಸೀಲು ಒತ್ತಿಕೊಡುವ ಆಫೀಸು ಎಲ್ಲೂ ಇಲ್ಲ. ವಿಶ್ವಸಂಸ್ಥೆ ಕೊಡುವುದು ಸದಸ್ಯತ್ವ ಮಾತ್ರ. ಒಪ್ಪುವುದು, ಬಿಡುವುದು ಆಯಾ ದೇಶದ ಇಷ್ಟ. ಜನ, ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ ಇರಬೇಕು ಅಂತ 1933ರ ಮಾಂಟೆವಿಡಿಯೊ ಒಪ್ಪಂದ ಹೇಳುತ್ತದೆ ನಿಜ. ಇವೆಲ್ಲ ಇದ್ದೂ ಅರ್ಧ ಒಳಗೆ, ಅರ್ಧ ಹೊರಗೆ ನಿಂತವರಿದ್ದಾರೆ.

ಆಗ್ನೇಯ ಯುರೋಪಿನ ಕೊಸೊವೊ ನೋಡಿ. 2008ರ ಫೆಬ್ರವರಿ 17ರಂದು ಸರ್ಬಿಯಾದಿಂದ ಬೇರೆಯಾದೆವು ಅಂತ ಘೋಷಿಸಿತು. ಮರುದಿನವೇ ಅಮೆರಿಕ, ಬ್ರಿಟನ್, ಫ್ರಾನ್ಸ್ ಒಪ್ಪಿದವು. ರಷ್ಯಾ, ಚೀನಾ ಒಪ್ಪಲಿಲ್ಲ. ಸದಸ್ಯತ್ವಕ್ಕೆ ಭದ್ರತಾ ಮಂಡಳಿಯ ಒಪ್ಪಿಗೆ ಬೇಕು, ಅಲ್ಲಿ ಇಬ್ಬರಿಗೂ ವೀಟೊ (ಒಬ್ಬರೇ ತಡೆಯುವ ಅಧಿಕಾರ) ಇದೆ, ಹಾಗಾಗಿ ವಿಶ್ವಸಂಸ್ಥೆಯ ಬಾಗಿಲು ತೆರೆದಿಲ್ಲ. ಸ್ಪೇನ್ ಕೂಡ ಒಪ್ಪಲಿಲ್ಲ. ಅದಕ್ಕೆ ಮನೆಯೊಳಗೇ, ಬೇರೆಯಾಗಬೇಕು ಅನ್ನುವವರಿರುವ ಕ್ಯಾಟಲೋನಿಯಾ ಪ್ರಾಂತ್ಯದ ತಲೆನೋವು. ಸರ್ಬಿಯಾದ ಒತ್ತಾಯದಿಂದ ವಿಷಯ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಘೋಷಣೆ ಮಾಡಿದ್ದು ಕಾನೂನುಬಾಹಿರ ಅಲ್ಲ ಅಂತ 2010ರಲ್ಲಿ ಅದು ಹೇಳಿತು. ಕೊಸೊವೊ ದೇಶ ಹೌದೋ ಅಲ್ಲವೋ ಅನ್ನುವುದನ್ನು ಮಾತ್ರ ಮುಟ್ಟಲೇ ಇಲ್ಲ. ಜಾಣತನ ಅಲ್ವಾ?

ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಸಣ್ಣಪುಟ್ಟ ಸಂಗತಿಗಳು. ಕೊಸೊವೊಗೆ ಎಷ್ಟೋ ವರ್ಷ ಸ್ವಂತ ಫೋನ್ ಕೋಡ್ ಇರಲಿಲ್ಲ. ಮನೆ ಫೋನಿಗೆ ಸರ್ಬಿಯಾದ 381, ಮೊಬೈಲಿಗೆ ಮೊನಾಕೊದ 377 ಅಥವಾ ಸ್ಲೊವೇನಿಯಾದ 386. ತನ್ನದೇ 383 ಸಿಕ್ಕಿದ್ದು 2016ರ ಕೊನೆಗೆ, ಅದೂ ಸರ್ಬಿಯಾ ಜೊತೆ ಮಾತುಕತೆ ಆದಮೇಲೆ.

ಕರೆಂಟಿನದು ಇನ್ನೂ ವಿಚಿತ್ರ. ಯುರೋಪಿನ ಬಹುಪಾಲು ದೇಶಗಳ ಗ್ರಿಡ್ ಒಂದಕ್ಕೊಂದು ಜೋಡಿಸಿಕೊಂಡಿದೆ, 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಆವರ್ತದ ಲೆಕ್ಕದಲ್ಲಿ, ಓಡುತ್ತದೆ. ಓವನ್ನಿನ ಗಡಿಯಾರ, ಅಲಾರಂ ರೇಡಿಯೊ ಎಷ್ಟೋ ಕಡೆ ಆ ಲೆಕ್ಕ ನೋಡಿಯೇ ಸಮಯ ತೋರಿಸುತ್ತವೆ. 2018ರ ಆರಂಭದಲ್ಲಿ ಕೊಸೊವೊದಲ್ಲಿ ಕರೆಂಟು ಉತ್ಪಾದನೆಗಿಂತ ಬಳಕೆ ಜಾಸ್ತಿಯಾಯಿತು. ಆ ಕೊರತೆ ತುಂಬಬೇಕಿದ್ದ ಸರ್ಬಿಯಾ ತುಂಬಲಿಲ್ಲ. ಇಡೀ ಗ್ರಿಡ್ಡಿನ ಲೆಕ್ಕ 50ಕ್ಕಿಂತ ಚೂರು ಕೆಳಗಿಳಿಯಿತು, ಗಡಿಯಾರಗಳೂ ನಿಧಾನವಾದವು. ಮಾರ್ಚ್ ಹೊತ್ತಿಗೆ ಹತ್ತಾರು ದೇಶಗಳ ಇಂಥ ಗಡಿಯಾರಗಳು ಸುಮಾರು 6 ನಿಮಿಷ ಹಿಂದೆ ಬಿದ್ದಿದ್ದವು. ಇವರಿಬ್ಬರ ಜಗಳಕ್ಕೆ ದೂರದ ಊರಿನವರು ಬಸ್ಸು ತಪ್ಪಿಸಿಕೊಂಡರೋ ಏನೋ.

ಕ್ರೀಡೆಯಲ್ಲಿ ಬಾಗಿಲು ಬೇಗ ತೆರೆಯಿತು. 2014ರಲ್ಲಿ ಒಲಿಂಪಿಕ್ ಸಮಿತಿ ಸೇರಿಸಿಕೊಂಡಿತು. 2016ರಲ್ಲಿ ರಿಯೊದಲ್ಲಿ ಜೂಡೊ ಪಟು ಮಾಯ್ಲಿಂಡಾ ಕೆಲ್ಮೆಂಡಿ ಕೊಸೊವೊದ ಮೊದಲ ಚಿನ್ನ ಗೆದ್ದರು. ಭಾರತ ಮಾತ್ರ ಇನ್ನೂ ಕೊಸೊವೊವನ್ನು ಒಪ್ಪಿಲ್ಲ. 2018ರ ನವೆಂಬರಿನಲ್ಲಿ ದೆಹಲಿಯಲ್ಲಿ ಮಹಿಳಾ ವಿಶ್ವ ಬಾಕ್ಸಿಂಗ್ ಇತ್ತು. ಕೊಸೊವೊದ ಬಾಕ್ಸರ್‌ಗೆ ವೀಸಾ ಸಿಗಲಿಲ್ಲ. ಅವರಿಲ್ಲದೆಯೇ ಸ್ಪರ್ಧೆ ನಡೆಯಿತು.