ಹೋಲ್‌ಸೇಲ್ ಗಿರಾಕಿಗೆ ಡಿಸ್ಕೌಂಟ್ ಕೋಡ್ ಕೊಟ್ಟರೆ ಸಾಲದು

ಶಿರಸಿ, ಸಿದ್ದಾಪುರದ ಕಡೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಕೋಕಂ, ಕಾಳುಮೆಣಸು ಮಾರುವವರು ವೆಬ್‌ಸೈಟ್ ಕೆಲಸಕ್ಕೆ ನನ್ನ ಹತ್ತಿರ ಬಂದಾಗ ಹೆಚ್ಚಿನವರು ಕೇಳೋದು ಒಂದೇ. ಚಿಲ್ಲರೆ ಮಾರಾಟಕ್ಕೆ ಸೈಟ್ ಇದೆ, ಅಂಗಡಿಯವರಿಗೆ ಅದರಲ್ಲೇ ಒಂದು ಡಿಸ್ಕೌಂಟ್ ಕೋಡ್ ಕೊಟ್ಟರೆ ಸಾಕಲ್ವಾ?

ಸಾಕಾಗಲ್ಲ. ಆ ಕೋಡ್ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತುತ್ತದೆ. ಕುಮಟಾದ ಅಂಗಡಿಯವರು ಹಪ್ಪಳದ ಕಟ್ಟಿಗೆ ಒಂದು ರೇಟು ಹೇಳಿದರೆ, ಅವರ ಗಿರಾಕಿಯೇ ಅದಕ್ಕಿಂತ ಕಡಿಮೆಗೆ ನಿಮ್ಮಿಂದ ನೇರ ತರಿಸಿಕೊಳ್ಳುತ್ತಾನೆ. ಆಮೇಲೆ ಆ ಅಂಗಡಿಯವರು ನಿಮ್ಮ ಮಾಲು ಯಾಕೆ ಇಡಬೇಕು?

ಹಾಗಾಗಿ ಹೋಲ್‌ಸೇಲ್ ರೇಟು ಲಾಗಿನ್ ಆದವರಿಗೆ ಮಾತ್ರ ಕಾಣಬೇಕು. ಹೊಸಬರು ಅಂಗಡಿ ಹೆಸರು, ಜಿಎಸ್‌ಟಿ ನಂಬರ್ ಹಾಕಿ ಅರ್ಜಿ ಕಳಿಸಲಿ, ನೀವು ನೋಡಿ ಒಪ್ಪಿಗೆ ಕೊಡಿ. ಆ 15 ಅಕ್ಷರಗಳ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಪುಕ್ಕಟೆ ಗೊತ್ತಾಗುತ್ತದೆ. ಎಷ್ಟೋ ಸಣ್ಣ ಅಂಗಡಿಯವರ ಹತ್ತಿರ ಜಿಎಸ್‌ಟಿ ಇರೋದಿಲ್ಲ, ಅಷ್ಟಕ್ಕೇ ಅವರನ್ನು ವಾಪಸ್ ಕಳಿಸಬೇಡಿ. ಆಹಾರ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು, ಅದನ್ನು ಕೇಳಿ.

ಕಾರವಾರ ದಾಟಿದರೆ ಗೋವಾ. ತೆರಿಗೆಯಲ್ಲಿ ಎಡವುವುದು ಇಲ್ಲೇ. ಒಣ ಕಾಳುಮೆಣಸಿಗೆ ಶೇ 5 ಜಿಎಸ್‌ಟಿ, ಹಪ್ಪಳಕ್ಕೆ ಏನೂ ಇಲ್ಲ. ಅದೇ ಮೆಣಸು ಅಂಕೋಲಾಕ್ಕೆ ಹೋದರೆ ತೆರಿಗೆ ಎರಡೂವರೆ, ಎರಡೂವರೆ ಅಂತ ಕೇಂದ್ರಕ್ಕೂ ರಾಜ್ಯಕ್ಕೂ ಒಡೆಯಬೇಕು, ಮಡಗಾಂವ್‌ಗೆ ಹೋದರೆ ಅಂತರರಾಜ್ಯ ಮಾರಾಟದ ತೆರಿಗೆ, ಅಂದರೆ ಪೂರ್ತಿ ಐಜಿಎಸ್‌ಟಿ. ಮಾಲು ತಲುಪುವ ವಿಳಾಸ ನೋಡಿ ಸೈಟ್ ತಾನೇ ಇದನ್ನು ಲೆಕ್ಕ ಹಾಕಬೇಕು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ಕರ್ನಾಟಕಕ್ಕೆ 29, ಗೋವಾಕ್ಕೆ 30. ವಿಳಾಸಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಬಿಲ್ ಮಾಡುವ ಮೊದಲು ಒಂದು ಫೋನ್ ಮಾಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಅಂಗಡಿಯವರು ಫೋನಿನಲ್ಲಿ ಆರ್ಡರ್ ಹೇಗೆ ಹೇಳುತ್ತಾರೆ, ಒಮ್ಮೆ ಗಮನ ಕೊಟ್ಟು ಕೇಳಿ. "ಹೆಗಡೇರೇ, ಹೋದ ಸಲದ್ದೇ ಕಳ್ಸಿ, ಕೋಕಂ ಎರಡು ಬಾಕ್ಸ್ ಜಾಸ್ತಿ ಹಾಕಿ, ಉಪ್ಪಿನಕಾಯಿ ಈ ಸಲ ಬೇಡ." ಮುಗೀತು. ಇದೇ ಮನುಷ್ಯನಿಗೆ ನಿಮ್ಮ ಸೈಟ್ ಒಂದೊಂದು ವಸ್ತುವಿನ ದೊಡ್ಡ ಫೋಟೋ, ವಿವರಣೆ, ಮತ್ತೊಂದು ಪುಟ ಅಂತ ಅಲೆದಾಡಿಸಿದರೆ, ಅವರು ಕೌಂಟರಿನಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡು ಮೊಬೈಲ್ ಒತ್ತುತ್ತಾ ಕೂರುತ್ತಾರಾ? ಲಾಗಿನ್ ಆದ ಕೂಡಲೇ ಹಿಂದಿನ ಆರ್ಡರ್ ಎದುರಿಗೆ ಬರಬೇಕು. ಪಕ್ಕದಲ್ಲಿ ಸಂಖ್ಯೆ, ಕೆಳಗೆ ಒಂದು ಬಟನ್. ಅಳತೆಯೂ ಅವರದ್ದೇ ಇರಲಿ. ಒಂದು ಬಾಕ್ಸಿನಲ್ಲಿ 12 ಬಾಟಲಿ ಇದ್ದರೆ ಬಾಕ್ಸ್ ಲೆಕ್ಕದಲ್ಲೇ ಮಾರಿ, 7 ಬಾಟಲಿ ಕೇಳುವ ದಾರಿಯೇ ಬೇಡ.

ಉದ್ರಿ ವಿಷಯದಲ್ಲಿ ಸೈಟ್ ಮಾಡುವವರು ಹಲವರು ಹಠ ಹಿಡಿಯುತ್ತಾರೆ, ದುಡ್ಡು ಕಟ್ಟಿದ ಮೇಲೇ ಆರ್ಡರ್ ಅಂತ. ನಾನು ಒಪ್ಪಲ್ಲ. ನಮ್ಮ ಕಡೆ ಹೋಲ್‌ಸೇಲ್ ನಡೆಯುವುದೇ ನಂಬಿಕೆ ಮೇಲೆ, ಹಳೆಯ ಗಿರಾಕಿಗೆ ಅದನ್ನು ಏಕಾಏಕಿ ನಿಲ್ಲಿಸಿದರೆ ಅವರು ಬೇರೆಯವರ ಹತ್ತಿರ ಹೋಗುತ್ತಾರೆ. ಉದ್ರಿ ಇರಲಿ, ಆದರೆ ಮಿತಿ ಇರಲಿ. ಒಬ್ಬೊಬ್ಬರಿಗೂ ಇಷ್ಟು ರೂಪಾಯಿ, ಇಷ್ಟು ದಿನ ಅಂತ ಸೈಟಿನಲ್ಲೇ ಹಾಕಿಡಿ. ಬಾಕಿ ಎಷ್ಟಿದೆ ಅಂತ ಅವರಿಗೂ ಕಾಣಲಿ. ಮಿತಿ ದಾಟಿದ ಆರ್ಡರ್ ತಡೆದು ನಿಲ್ಲಲಿ, ನೀವು ಮಾತಾಡಿದ ಮೇಲೆ ಮುಂದೆ ಹೋಗಲಿ.

ಕಾಳುಮೆಣಸಿನ ರೇಟು ದಿನಾ ಏರಿಳಿಯುತ್ತದೆ. ಅದಕ್ಕೆ 'ಈ ರೇಟು ಇವತ್ತು ಸಂಜೆವರೆಗೆ' ಅಂತ ಬರೆಯಲೇಬೇಕು. ತೆರಿಗೆ ಇರುವ ಮಾಲು ತೆರಿಗೆ ಸೇರಿ 50,000 ರೂಪಾಯಿ ದಾಟಿದರೆ ಸಾಗಾಟಕ್ಕೆ ಆನ್‌ಲೈನ್‌ನಲ್ಲಿ ಮಾಡಿಸುವ ಇ-ವೇ ಬಿಲ್ ಬೇಕು, ಅಂಥ ಆರ್ಡರ್ ಬಂದಾಗ ಸೈಟ್ ನಿಮಗೆ ನೆನಪಿಸಲಿ. ಮಳೆಗಾಲದಲ್ಲಿ 'ಎರಡು ದಿನದಲ್ಲಿ ತಲುಪುತ್ತದೆ' ಅಂತ ಸುಮ್ನೆ ಬರೆದುಕೊಳ್ಳಬೇಡಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು.

ಸಾಫ್ಟ್‌ವೇರ್ ಯಾವುದು ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವರ್ಡ್‌ಪ್ರೆಸ್ ಸೈಟಿನಲ್ಲಿ ಅಂಗಡಿ ನಡೆಸುವ ವೂಕಾಮರ್ಸ್ ಪುಕ್ಕಟೆ ಸಿಗುತ್ತದೆ, ಆದರೆ ಹೋಸ್ಟಿಂಗ್‌ಗೆ ದುಡ್ಡು ಕಟ್ಟಬೇಕು, ಹೋಲ್‌ಸೇಲ್ ರೇಟು ತೋರಿಸುವ ಒಳ್ಳೆ ಪ್ಲಗಿನ್‌ಗೂ ಬಹುಮಟ್ಟಿಗೆ ಖರ್ಚಿದೆ.

ಶುರುವಿಗೆ ಹಳೆಯ ನಾಲ್ಕೈದು ಗಿರಾಕಿಗಳು ಸಾಕು. ಅವರ ಅಂಗಡಿಗೇ ಹೋಗಿ, ಅವರ ಮೊಬೈಲಿನಲ್ಲೇ ಮೊದಲ ಆರ್ಡರ್ ಹಾಕಿಸಿ. ಕೆಲವರು ಆಮೇಲೂ ವಾಟ್ಸಾಪಿನಲ್ಲೇ ಕಳಿಸುತ್ತಾರೆ, ಬೇಜಾರು ಬೇಡ. ಅದನ್ನು ನೀವೇ ಅವರ ಖಾತೆಗೆ ಹಾಕಿ, ಆಗ ಸ್ಟಾಕೂ ಬಾಕಿಯೂ ಒಂದೇ ಕಡೆ ಸಿಗುತ್ತದೆ.